ಹಗೇವಿನ ಬಾಯಿಗೆ ಹೊದಿಸಿದ ಕಂಬಳಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೊಂದು ನಾಯಿಮರಿ ಬಂತು. ಬಂದ ವಾರದೊಳಗೇ ಅದರ ದೆಸೆಯಿಂದ ಅಪ್ಪನ ಜೀವ ಹೋಗುವುದರಲ್ಲಿತ್ತು. ಮರಿಯದೇನೂ ತಪ್ಪಿಲ್ಲ.

ಆಗ ನಾವಿದ್ದದ್ದು ಪರಶುರಾಂಪುರದ ಕಡೆ. ಹುಲ್ಲುಗಾವಲಲ್ಲಿ ತೋಳಗಳಿದ್ದವು, ಕುರಿಗಳಿಗೆ ಕಾವಲು ಬೇಕಿತ್ತು. ಅಪ್ಪ ಕೊಂಡ್ಲಹಳ್ಳಿಗೆ ಹೋಗಿ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಂದ. ಮೈಯೆಲ್ಲ ಕಂದು, ಹೊಟ್ಟೆ ಬಿಳಿ, ಬಾಯಲ್ಲಿ ಹುಳಿ ಹಾಲಿನ ವಾಸನೆ.

"ತೋಳ ಓಡ್ಸೋ ನಾಯಿ ತರ್ತೀನಿ ಅಂತ ಹೋಗಿ ಹೆಗ್ಗಣ ತಂದೀರಲ್ಲ," ಅಂದಳು ಅವ್ವ.

ಅಪ್ಪ ಮಂಡಿಯೂರಿ ಮರಿಯಷ್ಟೇ ಎತ್ತರಕ್ಕೆ ಬಗ್ಗಿ ಮರಿಗೆ ಎಲ್ಲೆಲ್ಲಿ ಅಪಾಯವೆಂದು ಮನೆಯೆಲ್ಲ ತಿರುಗಿ ನೋಡಿದ. ಗೋಡೆಗೆ ಒರಗಿಸಿದ್ದ ಒನಕೆಯನ್ನು ಮಲಗಿಸಿದ. ಕುಡುಗೋಲುಗಳನ್ನು ಸೂರಿಗೆ ಸಿಕ್ಕಿಸಿದ. ಬಚ್ಚಲ ತೂಬಿಗೆ ಹಳೇ ಬಟ್ಟೆ ತುರುಕಿದ. ಸುಣ್ಣದ ಮಡಕೆ ಅಟ್ಟ ಸೇರಿತು. ಮರಿಯನ್ನು ತುಳಿದೀತೆಂದು ಎಮ್ಮೆಯ ಹಗ್ಗವನ್ನೂ ಗಿಡ್ಡ ಮಾಡಿದ. "ಇವ್ರನ್ನ ಹೆತ್ತಾಗ ನಿಮ್ಗೆ ಇವ್ಯಾವೂ ಕಂಡಿರ್ಲಿಲ್ಲ," ಅಂತ ಅವ್ವ ನನ್ನ ಕಡೆ, ಅಕ್ಕನ ಕಡೆ ಕೈ ತೋರಿಸಿದಳು. ಅಕ್ಕ ಬಿದ್ದುಬಿದ್ದು ನಕ್ಕಳು. ಆಮೇಲೆ ಮರಿಯ ಕಾವಲು ಅವಳದೇ ಆಯಿತು.

ನಮ್ಮ ಅಂಗಳದಲ್ಲಿ ಹಗೇವು ಇತ್ತು. ನೀವು ನೋಡಿಲ್ಲ ಮಕ್ಕಳೇ. ನೆಲದೊಳಗೆ ಆಳವಾಗಿ ತೋಡಿದ ಜೋಳದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಿದ್ದರು. ಒಳಗೆ ಉಸಿರುಕಟ್ಟಿಸಿ ಕೊಲ್ಲುವ ಕೆಟ್ಟ ಗಾಳಿ ಕಟ್ಟಿಕೊಳ್ಳುತ್ತದೆ. ನಾವು ಅದನ್ನು ಝಳ ಅನ್ನುತ್ತಿದ್ದೆವು. ಬೆಳಗ್ಗೆ ಚಪ್ಪಡಿ ಸರಿಸಿ ದಿನವೆಲ್ಲ ಬಾಯಿ ತೆರೆದಿಟ್ಟು, ಝಳ ಹೋದ ಮೇಲೆ ಸಂಜೆಗೆ ಇಳಿಯಬೇಕು.

ಮನೆಯಲ್ಲಿ ಜೋಳ ಮುಗಿದಿತ್ತು. ಅಪ್ಪ ಚಪ್ಪಡಿ ಸರಿಸಿ, "ಸಂಜೆಗೆ ಬಂದು ಇಳೀತೀನಿ. ಮರಿ ಇತ್ಲಾಗೆ ಬರ್ದಂಗೆ ನೋಡ್ಕ ತಾಯಿ," ಅಂತ ಅಕ್ಕನಿಗೆ ಹೇಳಿ ಹೊಲಕ್ಕೆ ಹೋದ. ಅವ್ವನೂ ಹೋದಳು.

ಮರಿ ಮತ್ತೆಲ್ಲಿಗೂ ಹೋಗಲಿಲ್ಲ, ಹಗೇವಿನ ಅಂಚಿಗೇ ಹೋಗಿ ಹೋಗಿ ಮೂಸಿತು. ಅಟ್ಟಿ ಅಟ್ಟಿ ಅಕ್ಕನಿಗೆ ಸಾಕಾಯಿತು. ಅಪ್ಪನ ಕಂಬಳಿ ತಂದು ಹಗೇವಿನ ಬಾಯಿಗೆ ಹಾಸಿ ಸುತ್ತ ಕಲ್ಲು ಹೇರಿದಳು. ಝಳದ ಮಾತು ಅವಳಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಮರಿ ಅದರ ಪಕ್ಕದಲ್ಲೇ ಮಲಗಿತು. ನಾವು ಕಡಲೆಕಾಯಿ ಸುಲಿಯುತ್ತಾ ಕೂತೆವು.

ಹೊತ್ತು ಇಳಿದಾಗ ಬೀದಿಯಲ್ಲಿ ಅಪ್ಪನ ಕೆಮ್ಮು ಕೇಳಿತು. ಕಂಬಳಿ ಮಣ್ಣಾಯಿತೆಂದು ಬೈಸಿಕೊಳ್ಳಬೇಕಲ್ಲ ಅಂತ ಅಕ್ಕ ಓಡಿಹೋಗಿ, ಕಲ್ಲು ಸರಿಸಿ ಕಂಬಳಿ ಎಳೆದಳು. ಮರಿಗೆ ಅದು ಆಟವಾಗಿ ಕಂಡಿತು. ಇನ್ನೊಂದು ತುದಿ ಕಚ್ಚಿ ಜಗ್ಗಿತು. ಹಲ್ಲು ಜಾರಿತು. ಮರಿ ಹಗೇವಿನೊಳಗೆ ಬಿತ್ತು.

ನಮ್ಮ ಕೂಗಿಗೆ ಅಪ್ಪ ಓಡಿಬಂದ. ಹಿಂದೆಯೇ ಅವ್ವ. ಒಳಗಿಂದ ಮರಿ ಕುಂಯ್‌ಗುಡುತ್ತಿತ್ತು. ಅಪ್ಪ ತಲೆಯ ವಸ್ತ್ರ ಬಿಸಾಕಿ ಹಗೇವಿಗೆ ಕಾಲು ಇಳಿಬಿಟ್ಟ. ಅಷ್ಟರಲ್ಲಿ ಮರಿಯ ದನಿ ನಿಂತಿತು.

ಅವ್ವ ಅಪ್ಪನ ತೋಳು ಹಿಡಿದಳು. "ಇಳೀಬ್ಯಾಡ್ರಿ."

"ಬಿಡೇ, ಮರಿ ಸಾಯ್ತದೆ."

"ಜೋಳದ ಮ್ಯಾಲೆ ಬಿದ್ದೈತೆ, ಏಟಾಗಿಲ್ಲ. ಈಗ ತಾನೆ ಕೂಗ್ತಿತ್ತು. ಯಾಕೆ ಸುಮ್ಕಾತು?"

"ಬೆಳಗ್ಗಿಂದ ಬಾಯಿ ತೆಗ್ದೈತೆ ಕಣೇ. ಝಳ ಎಲ್ಲೈತೆ?"

ಅವ್ವ ಬಿಡಲಿಲ್ಲ. ನನ್ನ ಕೈಯಲ್ಲಿ ದೀಪ ತರಿಸಿ, ಹಗ್ಗಕ್ಕೆ ಕಟ್ಟಿ ಇಳಿಸಿದಳು. ದೀಪ ಆಳಿನ ಎತ್ತರ ಕೂಡ ಇಳಿಯಲಿಲ್ಲ, ಆರಿಹೋಯಿತು. ಗಾಳಿಯಿಲ್ಲ, ಯಾರೂ ಊದಲಿಲ್ಲ. ಝಳಕ್ಕೆ ಸುಮ್ಮನೆ ಆರಿತು.

ಅಪ್ಪ ಕಾಲನ್ನು ಮೇಲೆ ತಗೊಂಡ. 

ಅಕ್ಕ ಕಂಬಳಿ ಹಿಡಿದುಕೊಂಡೇ ನಿಂತಿದ್ದಳು. "ಮರಿ ಬೀಳ್ತದೆ ಅಂತ ಮುಚ್ಚಿದ್ದೆ ಅಪ್ಪಾ," ಅಂದಳು.  ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಿಂದ ಮರಿಯನ್ನು ಎತ್ತಿದರು. ಮೈ ಇನ್ನೂ ಬೆಚ್ಚಗಿತ್ತು, ಕಿವಿಯೊಳಗೆ ಜೋಳ ತುಂಬಿತ್ತು. ಉಸಿರಿರಲಿಲ್ಲ. ಅಪ್ಪ ಅದನ್ನು ಅದೇ ಕಂಬಳಿಯಲ್ಲಿ ಸುತ್ತಿ ಬೇವಿನ ಮರದ ಬುಡದಲ್ಲಿ ಹೂತ. ಆ ರಾತ್ರಿ ಪಕ್ಕದ ಮನೆಯಿಂದ ತಂದ ಹಿಟ್ಟಲ್ಲಿ ಅವ್ವ ರೊಟ್ಟಿ ತಟ್ಟಿದಳು. 

ಈಗ ನೀವೂ ಒಂದು ಮರಿ ತಂದಿದ್ದೀರಿ. ಇಲಿಪಾಷಾಣ ಎತ್ತಿಟ್ಟಿರಿ, ಚರಂಡಿಗೆ ತಗಡು ಹೊದಿಸಿದಿರಿ, ಕರೆಂಟಿನ ತಂತಿಯನ್ನು ಮೇಲಕ್ಕೆ ಕಟ್ಟಿದಿರಿ. ನಿಮ್ಮ ಜೋಳ ತಗಡಿನ ಡಬ್ಬದಲ್ಲಿರುತ್ತದೆ, ಕೈ ಹಾಕಿದರೆ ಸಿಗುತ್ತದೆ. ಈ ಮನೆಯಲ್ಲೂ ಹಗೇವು ಇತ್ತು. ನಿಮ್ಮ ತಾತ ಅದಕ್ಕೆ ಮಣ್ಣು ತುಂಬಿಸಿ ಗಾರೆ ಹಾಕಿಸಿದರು. ನೀವು ಸೈಕಲ್ ನಿಲ್ಲಿಸುವ ಜಾಗವೇ ಅದು. ಗಾರೆ ತಣ್ಣಗಿರುತ್ತದೆಂದು ನಿಮ್ಮ ಮರಿ ಮಧ್ಯಾಹ್ನ ಅಲ್ಲೇ ಹೋಗಿ ಮಲಗುತ್ತದೆ.

ನಾನು ಕೋಲು ತಗೊಂಡು ಎಬ್ಬಿಸುತ್ತೇನೆ. ಅಜ್ಜಿಗೆ ನಾಯಿ ಕಂಡರೆ ಆಗದು ಅನ್ನುತ್ತೀರಿ. ಅನ್ನಿ. ನಾಳೆಯೂ ಎಬ್ಬಿಸುತ್ತೇನೆ.