ಶಿವಲೀಲಾ ಆಂಟಿಯ ರಿಹರ್ಸಲ್ಲು

ಶಿವಲೀಲಾ ಆಂಟಿ ಯಾವ ಊರಿಗೆ ಹೊರಡುವುದಿದ್ದರೂ ಅದಕ್ಕೆ ಒಂದು ವಾರ ಮುಂಚೆ ಒಂದು ಸಲ ಹೊರಡುತ್ತಿದ್ದರು. ಬ್ಯಾಗು ತುಂಬಿ, ಶೂ ಹಾಕಿ, ಗ್ಯಾಸ್ ಆಫ್ ಮಾಡಿ, ಬಾಗಿಲಿಗೆ ಬೀಗ ಜಡಿದು, ಆ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಎರಡು ಆಟೋ ಹಿಡಿದು ನಾಯಂಡಹಳ್ಳಿ ಬಸ್‌ಸ್ಟಾಪಿಗೆ ಹೋಗಿ, ಅಲ್ಲಿ ಐದು ನಿಮಿಷ ಸಾಲಾಗಿ ನಿಂತು, ಮತ್ತೆ ಮನೆಗೆ ವಾಪಸ್ ಬರುವುದು. ಇದಕ್ಕೆ ಅವರಿಟ್ಟ ಹೆಸರು ರಿಹರ್ಸಲ್ಲು. ಕೊರಳಲ್ಲಿ ಒಂದು ಸ್ಟೀಲ್ ವಿಷಲ್ ನೇತಾಡುತ್ತಿತ್ತು. ಯಾರಾದರೂ ಮೆಟ್ಟಿಲ ಮೇಲೆ ನಿಧಾನ ಮಾಡಿದರೆ ಅದನ್ನು ಊದುತ್ತಿದ್ದರು.

ಅವರ ಮನೆಯವರು ವಿಜಯನಗರದ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ನನಗೆ ಒಂಬತ್ತು ವರ್ಷ. ಆಂಟಿ ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಗಂಡ ಚನ್ನವೀರಪ್ಪ ಅಂಕಲ್ ಅಂಚೆ ಕಚೇರಿಯಲ್ಲಿದ್ದರು. ಮಗಳು ಶಿಲ್ಪಾ ನನಗಿಂತ ಒಂದು ವರ್ಷ ಚಿಕ್ಕವಳು. ಆಂಟಿಯ ತವರು ದಾವಣಗೆರೆ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿ ಮಾತೆಲ್ಲ ನಮ್ಮ ಹಾಗೇ ಆಗಿದ್ದರೂ, ಗಡಿಬಿಡಿಯಲ್ಲಿ ಮಾತ್ರ ದಾವಣಗೆರೆ ಹೊರಗೆ ಬರುತ್ತಿತ್ತು. "ಯಾಕ್ ನಿಂತೀರಿ? ನಡೀರಿ, ನಡೀರಿ!"

ಮದುವೆಯಾದ ಹೊಸದರಲ್ಲಿ ಇಬ್ಬರೂ ಜೋಗಕ್ಕೆ ಹೊರಟಿದ್ದರಂತೆ. ಬಸ್‌ಸ್ಟ್ಯಾಂಡಿಗೆ ಹೋಗುವ ಅರ್ಧ ದಾರಿಯಲ್ಲಿ ಅಂಕಲ್‌ಗೆ ಬೀಗ ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂದು ಮನೆಗೆ ಓಡಿದರು. ಬೀಗ ಹಾಕಿಯೇ ಇತ್ತು. ಬಸ್ಸು ಹೋಗಿತ್ತು. ಆವತ್ತಿನಿಂದಲೇ ರಿಹರ್ಸಲ್ ಶುರು. ನಮ್ಮಪ್ಪ ಮೊದಲ ಸಲ ಈ ಪದ್ಧತಿ ಕೇಳಿ ನಕ್ಕಾಗ ಆಂಟಿ ಸೊಂಟಕ್ಕೆ ಕೈಯಿಟ್ಟು ನಿಂತರು. "ಅಲ್ಲ ಸಾರ್, ಆಗಸ್ಟ್ ಹದಿನೈದರ ಪೆರೇಡು ಅರ್ಧ ಗಂಟೇದು. ಅದಕ್ಕೆ ಹದಿನೈದು ದಿನ ರಿಹರ್ಸಲ್ ಮಾಡಿಸ್ತೀನಿ ನಾನು. ಮೂರು ದಿನದ ಟೂರಿಗೆ ಒಂದು ದಿನಾನೂ ಬೇಡ್ವಾ?" ಮುಂದಿನ ಭಾನುವಾರ ಅಪ್ಪನೂ ಸೂಟ್‌ಕೇಸ್ ಹಿಡಿದು ಸಾಲಿನಲ್ಲಿ ನಿಂತಿದ್ದರು.

ರಿಹರ್ಸಲ್‌ಗೆ ಇದ್ದದ್ದು ಒಂದೇ ನಿಯಮ. ಇದು ಸುಳ್ಳು ಹೊರಡುವಿಕೆ ಅಂತ ಯಾರೂ ಬಾಯಿಬಿಟ್ಟು ಹೇಳಬಾರದು. "ನಿಜ ಅಂತಲೇ ತಿಳ್ಕೋಬೇಕು. ಇಲ್ದಿದ್ರೆ ರಿಹರ್ಸಲ್ ಯಾಕೆ?" ಟೂರಿಗೆ ಬರದ ನಮ್ಮಜ್ಜಿಗೂ ಇದರಲ್ಲಿ ಒಂದು ಹುದ್ದೆ ಇತ್ತು. ಗೇಟಿನ ಹತ್ತಿರ ನಿಂತು, ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ಟಾಟಾ ಮಾಡುವುದು. ಮೊದಲ ರಿಹರ್ಸಲ್‌ನಲ್ಲಿ ಅಜ್ಜಿ ನಿಜವಾಗಿಯೇ ಅತ್ತುಬಿಟ್ಟಳು. ಮುಂದಿನ ವಾರ ನಾವು ಸರಿಯಾಗಿ ಹೊರಟಾಗ ಕಣ್ಣಲ್ಲಿ ಒಂದು ಹನಿ ಇಲ್ಲ. ಅಮ್ಮ ಕೇಳಿದರೆ, "ಹೋದ ವಾರವೇ ಅತ್ತಾಯ್ತಲ್ಲಮ್ಮ, ದಿನಾ ಅಳೋಕಾಗುತ್ತಾ?" ಅಂದಳು.

ನಾನು ನೋಡಿದ ಊರುಗಳಲ್ಲಿ ಇವತ್ತಿಗೂ ನನಗೆ ಅಚ್ಚುಮೆಚ್ಚು ಮಡಿಕೇರಿ. ಅದಕ್ಕೆ ಕಾರಣ ಮಡಿಕೇರಿ ಅಲ್ಲ, ನಾವು ಅಲ್ಲಿಗೆ ಹೋದ ರೀತಿ. ಮುಂದಿನ ಭಾನುವಾರಕ್ಕೆ ಲಾಡ್ಜ್ ಬುಕ್ಕಾಗಿತ್ತು. ಈ ಭಾನುವಾರ ರಿಹರ್ಸಲ್. ಎರಡು ಮನೆಯ ಆರು ಜನ ನಾಯಂಡಹಳ್ಳಿಯಲ್ಲಿ ಬ್ಯಾಗುಗಳ ಸಮೇತ ಸಾಲಾಗಿ ನಿಂತಿದ್ದೆವು. ಮನೆಯಿಂದ ಹೊರಡುವಾಗ ಅಂಕಲ್ ಚಪ್ಪಲಿ ಹುಡುಕುತ್ತಾ ತಡ ಮಾಡಿ ಮೂರು ಸಲ ವಿಷಲ್ ಊದಿಸಿಕೊಂಡಿದ್ದರು. ಮುಖ ಸಣ್ಣಗಾಗಿತ್ತು. ಅಷ್ಟರಲ್ಲಿ ಮಡಿಕೇರಿಯ ಕೆಂಪು ಬಸ್ಸೊಂದು ನಮ್ಮನ್ನು ನೋಡಿ ತಾನಾಗಿಯೇ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಮಡಿಕೇರಿನಾ? ಹತ್ತಿ ಹತ್ತಿ, ಸೀಟಿದೆ!" ಅಂದ.

ಅಂಕಲ್ ಹಿಂದೆಮುಂದೆ ನೋಡಲಿಲ್ಲ. ತಾನೂ ಚುರುಕು ಅಂತ ತೋರಿಸಲು ಎರಡು ಬ್ಯಾಗು ಹಿಡಿದು ಎಲ್ಲರಿಗಿಂತ ಮೊದಲು ಹತ್ತಿಯೇಬಿಟ್ಟರು. ಅವರ ಹಿಂದೆ ಶಿಲ್ಪಾ, ಶಿಲ್ಪಾಳ ಹಿಂದೆ ನಾನು. ಬಸ್ಸು ಹೊರಟಿತು. ಆಂಟಿ ವಿಷಲ್ ಊದುತ್ತಾ ಓಡಿದರು. ವಿಷಲ್ ಕೇಳಿದ ಡ್ರೈವರ್, ಕಂಡಕ್ಟರನದೇ ಅಂದುಕೊಂಡು ನಿಲ್ಲಿಸಿದ. ನಮ್ಮನ್ನು ಕೆಳಗಿಳಿಸುವ ಬದಲು ಆಂಟಿ ಹಿಂದೆ ತಿರುಗಿ ನಮ್ಮಪ್ಪ ಅಮ್ಮನನ್ನು ಕೂಗಿದರು. "ಹತ್ರಿ, ಹತ್ರಿ! ಲಗೇಜೆಲ್ಲ ಮೇಲೈತಿ!"

ಬಸ್ಸು ಬಿಡದಿ ದಾಟಿತು. ಆಮೇಲೆ ಅಮ್ಮ ಮೆಲ್ಲಗೆ, "ಶಿವಲೀಲಾ, ನಾನು ದೋಸೆ ಹಿಟ್ಟು ಹೊರಗಡೆನೇ ಇಟ್ಟು ಬಂದಿದೀನಿ ಕಣ್ರೀ" ಅಂದಳು. ಅಪ್ಪ, "ನಾಳೆ ಆಫೀಸು" ಅಂದರು. ಶಿಲ್ಪಾ, "ನಂಗೆ ನಾಳೆ ಗಣಿತದ ಟೆಸ್ಟು!" ಎಂದು ಕೈತಟ್ಟಿ ಕುಣಿದಳು. ಅಲ್ಲಿಂದ ಶುರುವಾದ ನಗು ಮೈಸೂರಿನ ತನಕ ನಿಲ್ಲಲಿಲ್ಲ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಕೆಮ್ಮಿದಳು. ಆಂಟಿ ಮಾತ್ರ, "ರಿಹರ್ಸಲ್ ಹಾಳಾಯ್ತು" ಎಂದು ಸಿಡುಕುತ್ತಲೇ ಮಂಡಕ್ಕಿ ಒಗ್ಗರಣೆಯ ಡಬ್ಬಿ ಬಿಚ್ಚಿದರು. ಮಡಿಕೇರಿಯ ಲಾಡ್ಜಿನವರು ರಿಜಿಸ್ಟರ್ ನೋಡಿ, "ನಿಮ್ಮದು ಮುಂದಿನ ಭಾನುವಾರ ಅಲ್ವಾ?" ಅಂದರೆ, ಆಂಟಿ ತಲೆಯೆತ್ತಿ, "ನಾವು ಯಾವತ್ತೂ ಲೇಟಾಗಿ ಬರೋ ಪೈಕಿ ಅಲ್ಲ" ಅಂದರು. ರೂಮು ಖಾಲಿಯಿಲ್ಲದೆ ಆರೂ ಜನ ಅವರ ಊಟದ ಹಾಲ್‌ನಲ್ಲಿ ಮಲಗಿದೆವು. ಮೂರು ದಿನ ಬಿಟ್ಟು ಬಂದಾಗ ನಮ್ಮ ಅಡುಗೆಮನೆಯಲ್ಲಿ ದೋಸೆ ಹಿಟ್ಟು ಪಾತ್ರೆ ಬಿಟ್ಟು ಕಟ್ಟೆಯ ಮೇಲೆಲ್ಲ ಹರಿದಿತ್ತು. ಮನೆಗೆ ಬೀಗ ಬಿದ್ದಿದ್ದರಿಂದ ಟಾಟಾ ಮಾಡಿದ ಅಜ್ಜಿ ಪಕ್ಕದ ಮನೆಯಲ್ಲೇ ಉಳಿದವಳು, ಆವತ್ತು ಸಂಜೆಯಾದರೂ ನಾವು ಬರದಿದ್ದಾಗ ಮತ್ತೊಂದು ಸಲ ಅಳಬೇಕಾಯಿತಂತೆ. ಆ ಕೋಪ ಅವಳಿಗೆ ಬಹಳ ದಿನ ಇತ್ತು.

ಇಷ್ಟೆಲ್ಲ ಟೂರು ಮಾಡಿದರೂ ಆಂಟಿಯ ಮನಸ್ಸಿನಲ್ಲಿ ಇದ್ದದ್ದು ಒಂದೇ. ಹಿಮ. ಚಿಕ್ಕವರಿದ್ದಾಗ ದಾವಣಗೆರೆಯ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಹಿಮದ ಬೆಟ್ಟ ನೋಡಿ, "ಅಷ್ಟೊಂದು ಉಪ್ಪು ಯಾರು ಸುರಿದ್ರವ್ವ?" ಅಂತ ಕೇಳಿದ್ದರಂತೆ. "ಒಂದೇ ಒಂದು ಸಲ ಕಣೇ. ಬರೀ ಕೈಯಲ್ಲಿ ಮುಟ್ಟಬೇಕು. ಆಮೇಲೆ ನನ್ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ" ಎನ್ನುತ್ತಿದ್ದರು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ನದಿ ನೋಡಿ ನಾವೆಲ್ಲ ಬಾಯಿ ತೆರೆದು ನಿಂತಿದ್ದರೆ, ಆಂಟಿ, "ಚೆನ್ನಾಗಿದೆ. ಹಿಮ ಇಲ್ಲ ಅಷ್ಟೆ" ಅಂದರು. ಕನ್ಯಾಕುಮಾರಿಯ ಬಿಸಿಲಿನಲ್ಲೂ ಅದೇ ಮಾತು.

ನಾನು ಡಿಗ್ರಿ ಓದುವಾಗ ಕೊನೆಗೂ ಮನಾಲಿಗೆ ಟಿಕೆಟ್ ಆಯಿತು. ಈಗ ರಿಹರ್ಸಲ್ ಪ್ರಶ್ನೆ. ಬ್ಯಾಗಿನದು ಸರಿ, ಚಳಿಯ ರಿಹರ್ಸಲ್ ಮಾಡುವುದೆಲ್ಲಿ? ಆಂಟಿ ಎರಡು ದಿನ ಯೋಚಿಸಿ ಒಬ್ಬಳು ಹಳೇ ವಿದ್ಯಾರ್ಥಿನಿಯನ್ನು ಪತ್ತೆ ಹಚ್ಚಿದರು. ವೀಣಾ ಅಂತ. ನಾಯಂಡಹಳ್ಳಿಯ ಗೋಡೌನುಗಳ ಸಾಲಿನಲ್ಲಿ ಐಸ್‌ಕ್ರೀಮ್ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಮೇ ತಿಂಗಳ ಮಟಮಟ ಮಧ್ಯಾಹ್ನ ನಾವು ಆರು ಜನ ಸ್ವೆಟರು, ಮಫ್ಲರು, ಕೈಗವಸು, ಮಂಕಿ ಕ್ಯಾಪು ಹಾಕಿಕೊಂಡು ಮೈಸೂರು ರಸ್ತೆಯಲ್ಲಿ ಆಟೋದಿಂದ ಇಳಿದೆವು. ಲಾರಿಗೆ ಲೋಡ್ ಮಾಡುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. "ಏನಣ್ಣಾ, ಹುಷಾರಿಲ್ವಾ?" ಅಂತ ಒಬ್ಬ ಅಪ್ಪನನ್ನು ವಿಚಾರಿಸಿದ. ಅಪ್ಪ ಮಂಕಿ ಕ್ಯಾಪನ್ನು ಇನ್ನೂ ಕೆಳಗೆಳೆದುಕೊಂಡರು.

ವೀಣಾ, "ಮೇಡಂ, ಹತ್ತು ನಿಮಿಷ ಅಷ್ಟೆ, ಪ್ಲೀಸ್" ಎಂದು ದಪ್ಪ ಬಾಗಿಲು ತೆಗೆದಳು. ಒಳಗೆ ಕಾಲಿಟ್ಟ ಕೂಡಲೇ ಉಸಿರು ಹೊಗೆಯಾಯಿತು. ಆಂಟಿ ವಿಷಲ್ ಊದಿದರು. ಒಂದು ಕಡೆ ವೆನಿಲ್ಲಾ ಡಬ್ಬಗಳು, ಇನ್ನೊಂದು ಕಡೆ ಬಟರ್‌ಸ್ಕಾಚ್. ನಡುವಿನ ದಾರಿಯಲ್ಲಿ ಎಡ ಬಲ, ಎಡ ಬಲ ಎಂದು ನಮ್ಮ ಪೆರೇಡು. ಶಿಲ್ಪಾಳ ಹಲ್ಲು ಕಟಕಟ ಎನ್ನುತ್ತಿದ್ದವು. "ಮನಾಲೀಲಿ ಇಷ್ಟೇನಾ ಚಳಿ?" ಅಂತ ಅಮ್ಮ ಕೇಳಿದರೆ ಆಂಟಿ, "ಇನ್ನೂ ಗಾಳಿ ಬೇರೆ ಇರುತ್ತೆ!" ಎಂದು ಅಂಕಲ್‌ನ ಕೈಯಲ್ಲಿ ರಟ್ಟು ಕೊಟ್ಟು ಬೀಸಲು ಹೇಳಿದರು. ಅಂಕಲ್ ಬೀಸಿದರು. ಗೋಡೆಗೆ ಕಟ್ಟಿದ್ದ ಬಿಳಿ ಮಂಜನ್ನು ನಾನು ಕೆರೆದು ತಂದು, "ಆಂಟೀ, ನೋಡಿ ಹಿಮ! ಮುಟ್ಟಿ!" ಅಂದೆ. ಅವರು ಥಟ್ಟನೆ ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

"ಬೇಡ ಕಣೇ. ಇದು ಫ್ರಿಜ್ಜಿಂದು. ನಾನು ಮೊದಲನೇ ಸಲ ಮುಟ್ಟೋದು ಅಲ್ಲೀದೇ ಆಗ್ಬೇಕು."

ಅವತ್ತಿನ ರಿಹರ್ಸಲ್‌ಗೆ ಅವರು ನೂರಕ್ಕೆ ನೂರು ಕೊಟ್ಟರು. ಆದರೆ ಒಳಗಿನ ಚಳಿಯಿಂದ ಮೇ ತಿಂಗಳ ಬಿಸಿಲಿಗೆ ಬಂದ ಅಂಕಲ್ ಗೇಟಿನಲ್ಲೇ ಎಂಟು ಸಲ ಸೀನಿದರು. ಮೂರನೇ ದಿನಕ್ಕೆ ಜ್ವರ. ಐದನೇ ದಿನಕ್ಕೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ಡಾಕ್ಟರು ಮನಾಲಿ ಹೆಸರು ಕೇಳಿಯೇ ಸಾಧ್ಯವೇ ಇಲ್ಲ ಅಂದರು. ಟಿಕೆಟ್ ಕ್ಯಾನ್ಸಲ್ ಆಯಿತು. ಅಂಕಲ್ ಮನೆಗೆ ಬಂದ ದಿನ ನಾನು ತಾರಸಿಗೆ ಹೋದರೆ, ಆಂಟಿ ಒಗೆದ ಮಂಕಿ ಕ್ಯಾಪುಗಳನ್ನು ಒಂದೊಂದಾಗಿ ಮಡಚುತ್ತಾ ಅಳುತ್ತಿದ್ದರು. "ರಿಹರ್ಸಲ್ ಮಾಡದೇ ಇದ್ದಿದ್ರೆ ಇಷ್ಟೊತ್ತಿಗೆ ಅಲ್ಲಿರ್ತಿದ್ವಿ ಕಣೇ" ಅಂದರು. ಸಮಾಧಾನ ಹೇಳಬೇಕಾದ ನನಗೆ, ದೇವರಾಣೆ, ಅಂಕಲ್ ರಟ್ಟು ಬೀಸಿದ್ದು ನೆನಪಾಗಿ ನಗು ಉಕ್ಕಿಬಿಟ್ಟಿತು. ಬೈಯುತ್ತಾರೆ ಅಂದುಕೊಂಡೆ. ಅವರು ಮೂಗು ಒರೆಸಿಕೊಂಡು ನನ್ನನ್ನು ನೋಡಿ, ಆಮೇಲೆ ನನಗಿಂತ ಜೋರಾಗಿ ನಕ್ಕರು.

ಆಮೇಲಿನ ವರ್ಷಗಳಲ್ಲಿ ಹಿಮ ಮುಂದೆ ಮುಂದೆ ಹೋಗುತ್ತಲೇ ಇತ್ತು. ಒಂದು ವರ್ಷ ಶಿಲ್ಪಾಳ ಮದುವೆ, ಒಂದು ವರ್ಷ ಆಂಟಿಯ ಮಂಡಿಯ ಆಪರೇಷನ್. ಮೆಟ್ರೋ ಬಂದ ಮೇಲೆ ರಿಹರ್ಸಲ್ ಕೂಡ ಮೆಟ್ರೋದಲ್ಲೇ ನಡೆಯುತ್ತಿತ್ತು. ಅಜ್ಜಿ ತೀರಿಕೊಂಡಳು, ನನಗೆ ಸ್ಕೂಲಿನಲ್ಲಿ ಕೆಲಸ ಸಿಕ್ಕಿ ರಜೆಗೆ ಕಷ್ಟವಾಯಿತು. ಹಾಗಾಗಿ ಟಾಟಾ ಹುದ್ದೆ ನನ್ನ ಪಾಲಿಗೆ ಬಂತು. ವರ್ಷಕ್ಕೆ ಮೂರು ನಾಲ್ಕು ಸಲ ಭಾನುವಾರ ಬೆಳಗಿನ ನಿದ್ದೆಗಣ್ಣಿನಲ್ಲಿ ಗೇಟಿಗೆ ಬಂದು ಕೈ ಬೀಸಿ ಮತ್ತೆ ಹೋಗಿ ಮಲಗುವುದು ನನಗೆ ಅಭ್ಯಾಸವಾಗಿಹೋಯಿತು.

ಹೋದ ಜನವರಿಯಲ್ಲೂ ಹಾಗೇ ಒಂದು ಭಾನುವಾರ, ಆರು ಗಂಟೆಗೆ ಮೆಟ್ಟಿಲ ಮೇಲೆ ಟ್ರಾಲಿ ಬ್ಯಾಗಿನ ಸದ್ದಾಯಿತು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಾಗಿಲಿಗೆ ಬಂದೆ. ಕ್ಯಾಬ್ ನಿಂತಿತ್ತು. ಅಂಕಲ್ ಬೀಗ ಜಗ್ಗಿ ನೋಡಿ ಇಳಿದು ಬಂದರು. ಆಂಟಿಯ ಕೈಯಲ್ಲಿ ಹಳೇ ಮಂಕಿ ಕ್ಯಾಪು.

"ಏನಾಂಟಿ, ರಿಹರ್ಸಲ್ಲಾ?" ಅಂದೆ, ನೊರೆಯ ನಡುವೆ.

"ಇಲ್ಲ ಕಣೇ, ಇವತ್ತು ನಿಜ!"

"ಗೊತ್ತು ಗೊತ್ತು. ನಿಜ ಅಂತಲೇ ತಿಳ್ಕೊಂಡಿದೀನಿ."

ಆಂಟಿ ಏನೋ ಹೇಳಲು ಬಾಯಿ ತೆರೆದರು. ಡ್ರೈವರ್ ಅವಸರ ಮಾಡಿದ. ನಾನು ಎರಡು ಬೆರಳು ಅಲ್ಲಾಡಿಸಿ, ಕ್ಯಾಬ್ ತಿರುವು ಮುಟ್ಟುವ ಮೊದಲೇ ಬಾಯಿ ಮುಕ್ಕಳಿಸಲು ಒಳಗೆ ಹೋದೆ.

ಸಂಜೆ ಮೇಲಿನ ಮನೆಯಲ್ಲಿ ದೀಪ ಹತ್ತಲಿಲ್ಲ. ಫೋನ್ ಮಾಡಿದೆ. "ಡೆಹ್ರಾಡೂನ್ ಕಣೇ!" ಎಂದು ಆಂಟಿ ಕಿರುಚಿದರು. ಶಿಲ್ಪಾ ಕೆಲಸ ಮಾಡುವ ಬ್ಯಾಂಕಿನವರು ಅವಳನ್ನು ಅಲ್ಲಿಗೆ ವರ್ಗ ಮಾಡಿದ್ದರು. ಶನಿವಾರ ಅವಳು ಫೋನ್ ಮಾಡಿ, ಮೇಲೆ ಬೆಟ್ಟದಲ್ಲಿ ಹಿಮ ಬಿದ್ದಿದೆ, ನಾಳೆಯೇ ಹೊರಟು ಬನ್ನಿ ಅಂತ ವಿಮಾನದ ಟಿಕೆಟ್ ಕಳಿಸಿಬಿಟ್ಟಿದ್ದಳು. "ಆಂಟಿ, ರಿಹರ್ಸಲ್ ಇಲ್ದೇನೇ ಹೋದ್ರಾ?" ಅಂದೆ. "ಮೂವತ್ತು ವರ್ಷದಿಂದ ಇನ್ನೇನು ಮಾಡಿದ್ದೆ ಮತ್ತೆ!" ಅಂದರು. ಅಮ್ಮ, ಅಪ್ಪ, ನಾನು ಫೋನಿನ ಸುತ್ತ ನಿಂತು ಹುಚ್ಚರ ಹಾಗೆ ನಕ್ಕೆವು.

ಎರಡು ದಿನ ಬಿಟ್ಟು ವಿಡಿಯೋ ಕಾಲ್ ಬಂತು. ಮಸ್ಸೂರಿ ದಾಟಿ ಇನ್ನೂ ಮೇಲಂತೆ. ಫೋನಿನ ತುಂಬ ಬಿಳುಪು. ಅದರ ನಡುವೆ ಮಫ್ಲರಿನಲ್ಲಿ ಅಂಕಲ್‌ನ ಬರೀ ಮೂಗು. ಆಂಟಿ ಹಲ್ಲಿನಿಂದ ಕಚ್ಚಿ ಕೈಗವಸು ಎಳೆದು, ಬರೀ ಕೈಯನ್ನು ಹಿಮದೊಳಗೆ ಮೊಣಕೈವರೆಗೆ ತೂರಿಸಿದರು. ಅವರ ಕಣ್ಣು ಅಗಲವಾಯಿತು.

"ಮೆತ್ತಗಿದೆ ಕಣೇ! ಇದು ಮೆತ್ತಗಿರುತ್ತೆ ಅಂತ ಯಾರೂ ಹೇಳೇ ಇರ್ಲಿಲ್ಲ ನಂಗೆ!"

ಆಮೇಲೆ ವಿಷಲ್ ತೆಗೆದು ಆ ಬೆಟ್ಟದಲ್ಲಿ ಜೋರಾಗಿ ಊದಿದರು. ನಾನು ಆಂಟಿಯನ್ನು ಕೊನೆಯ ಸಲ ನೋಡಿದ್ದು ಹಾಗೆ. ಹನ್ನೊಂದು ದಿನಕ್ಕೆ, ಶಿಲ್ಪಾಳ ಮನೆಯಲ್ಲಿ, ನಿದ್ದೆಯಲ್ಲೇ ಹೃದಯ ನಿಂತು ತೀರಿಕೊಂಡರು. ಅಲ್ಲಿಯೇ ಎಲ್ಲ ಮುಗಿಸಿದರು. ಆಸೆ ತೀರಿತಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಆದರೆ ಆ ಎರಡು ಬೆರಳಿನ ಟಾಟಾ ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆ ಖಾಲಿ ಮಾಡಲು ಅಂಕಲ್ ಒಬ್ಬರೇ ಬಂದರು. ಇನ್ನು ಮಗಳ ಜೊತೆಗೇ ಇರುವುದು ಅಂತ ತೀರ್ಮಾನವಾಗಿತ್ತು. ಸಾಮಾನೆಲ್ಲ ಕಟ್ಟಿ ಆಯಿತು. ಹೊರಡಲು ಇನ್ನೂ ಒಂದು ವಾರ ಇರುವಾಗ, ಭಾನುವಾರ ಬೆಳಿಗ್ಗೆ, ಮೆಟ್ಟಿಲ ಮೇಲೆ ಬ್ಯಾಗಿನ ಸದ್ದು ಕೇಳಿಸಿತು. ಅಂಕಲ್ ಶೂ ಹಾಕಿ, ಬೀಗ ಹಾಕಿ, ಮೂರು ಸಲ ಜಗ್ಗಿ ನೋಡುತ್ತಿದ್ದರು. "ಇವತ್ತು ರಿಹರ್ಸಲ್ಲು ಕಣಮ್ಮ" ಅಂದರು. "ಅವಳಿದ್ದಿದ್ರೆ ಬಿಡ್ತಿರ್ಲಿಲ್ಲ."

ನಾನು ಮುಖ ತೊಳೆದು, ತಲೆ ಬಾಚಿ, ಗೇಟಿಗೆ ಬಂದೆ. ಆಟೋ ತಿರುವಿನಲ್ಲಿ ಮರೆಯಾಗುವವರೆಗೆ, ಮರೆಯಾದ ಮೇಲೂ, ಇಡೀ ಕೈ ಎತ್ತಿ ಬೀಸಿದೆ. ಅಜ್ಜಿಯ ಹಾಗೆ ಅತ್ತೆ. ಮುಕ್ಕಾಲು ಗಂಟೆಗೆ ಆಟೋ ವಾಪಸ್ ಬಂತು. ಅಂಕಲ್ ಬ್ಯಾಗು ಹಿಡಿದು ಇಳಿದರು. ಅವರ ಹಿಂದೆ ಇನ್ನೊಬ್ಬರು ಇಳಿಯಲಿ ಅಂತ ನಾನು ಗೇಟು ತೆರೆದೇ ಹಿಡಿದಿದ್ದೆ.