ಪೈರಿಯಸ್‌ಗೆ ಹೋಗುವ ಮಧ್ಯಾಹ್ನದ ಹಡಗು

ಈ ಪ್ರವಾಸದ ಬಗ್ಗೆ ಬರೆಯಲು ಕೂತು, ಎದ್ದು, ಎರಡು ವರ್ಷ ದೂಡಿದೆ. ಕೇಳಿದವರಿಗೆಲ್ಲ ಫೋಟೋ ತೋರಿಸಿದೆ. ನಡೆದದ್ದನ್ನು ಮಾತ್ರ ಹೇಳಲಿಲ್ಲ.

ಪ್ಲಾನ್ ಶುರುವಾದದ್ದು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ, ನಮ್ಮ ಊಟದ ಮೇಜಿನ ಮೇಲೆ. ಸಿಡ್ನಿಯ ಗೆಳೆಯ, ಅಲ್ಲಿ ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕ್ ಬಡಾವಣೆಯಿಂದ ಖಾರಾಸೇವೆ ಹೊತ್ತು ಬಂದಿದ್ದ. ಕಾರವಾರದವನು, ಪ್ರಾಯದಲ್ಲಿ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ದುಡಿದವನು. ಆಗ ಅವನ ಜೊತೆ ಒಂದೇ ಕ್ಯಾಬಿನ್ನಿನಲ್ಲಿದ್ದ ಯೋರ್ಗೊಸ್, ಗ್ರೀಸಿನ ಬಂದರು ಪಟ್ಟಣ ಪೈರಿಯಸ್‌ನಲ್ಲಿ ನೆಲೆಸಿದ್ದ. ಈಗ ಮನೆ ಖಾಲಿ ಮಾಡಿ ಜರ್ಮನಿಯ ಮಗಳ ಹತ್ತಿರ ಹೊರಟಿದ್ದ.

"ಪಾರೋಸ್ ದ್ವೀಪದಲ್ಲಿ ನಾಲ್ಕು ದಿನ ಇರೋಣ. ಗುರುವಾರ ಮಧ್ಯಾಹ್ನದ ಹಡಗಿಗೆ ಪೈರಿಯಸ್. ಅವನು ಬಂದರಿನ ಕಾಫಿ ಅಂಗಡೀಲಿ ಕಾಯ್ತಾನೆ. ಅವನ ಫ್ಲೈಟ್ ಅವತ್ತು ರಾತ್ರಿನೇ ಮಾರಾಯ" ಎಂದ ಗೆಳೆಯ.

"ನಲವತ್ತು ವರ್ಷ ಆಯ್ತಲ್ಲ, ಗುರುತು ಸಿಗುತ್ತಾ?" ಎಂದಳು ನನ್ನ ಹೆಂಡತಿ ವಿಮಲಾ.

"ಅವನ ಗೊರಕೆ ಕೇಳಿದ್ರೆ ಸಿಗುತ್ತೆ ವಿಮಲಕ್ಕ."

ಜೂನ್‌ನಲ್ಲಿ ಮೆಲ್ಬರ್ನ್‌ನ ಚಳಿ ಬಿಟ್ಟು ಹೊರಟೆವು. ಪಾರೋಸ್‌ನಲ್ಲಿ ಕಣ್ಣು ಕುಕ್ಕುವ ಬಿಸಿಲು, ಸುಣ್ಣ ಬಳಿದ ಗೋಡೆಗಳು. ಬೆಳಿಗ್ಗೆ ಪಾಲಕ್ ತುಂಬಿದ ಪೈ, ರಾತ್ರಿ ವಿಮಲಾ ತಂದ ಗೊಜ್ಜಿನಲ್ಲಿ ಪುಳಿಯೋಗರೆ. ಗೆಳೆಯ ದಿನಾ ಸಂಜೆ ದಡಕ್ಕೆ ಹೋಗಿ ಹಡಗುಗಳನ್ನು ನೋಡಿ ಬರುತ್ತಿದ್ದ. ಬುಧವಾರವೇ ಶರ್ಟಿಗೆ ಇಸ್ತ್ರಿ ಮಾಡಿಟ್ಟ.

ಗುರುವಾರ ಹಡಗು ಮೂರು ಗಂಟೆ ಹತ್ತು ನಿಮಿಷಕ್ಕೆ. ಬಂದರಿಗೆ ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷ. ಎರಡಕ್ಕೆ ಹೊರಡೋಣ ಎಂದಿದ್ದ ಗೆಳೆಯ. ನಾನು ಫೋನಿನ ಪಂಚಾಂಗ ನೋಡಿದೆ. ಎರಡೂ ಮುಕ್ಕಾಲರವರೆಗೆ ರಾಹುಕಾಲ. ಸಮುದ್ರದ ಮೇಲಿನ ಪ್ರಯಾಣ, ಮನಸ್ಸು ಒಪ್ಪಲಿಲ್ಲ. ಹೇಳಿದರೆ ಹಡಗಿನಲ್ಲೇ ಬದುಕಿದವನು ನಕ್ಕುಬಿಡುತ್ತಾನೆ. ಅದಕ್ಕೆ ಪಾಸ್‌ಪೋರ್ಟ್ ಕಾಣುತ್ತಿಲ್ಲ ಎಂದೆ. ಅದು ನನ್ನ ಅಂಗಿಯ ಒಳಜೇಬಿನಲ್ಲೇ ಇತ್ತು. ಗ್ರೀಸಿನ ಹಡಗು ಹೇಗೂ ತಡವಾಗಿ ಬರುತ್ತದೆ ಎಂದು ಧೈರ್ಯ.

ಗೆಳೆಯ ಇಸ್ತ್ರಿ ಶರ್ಟಿನಲ್ಲೇ ಮಂಡಿಯೂರಿ ಮಂಚದ ಕೆಳಗೆ ತಡಕಾಡಿದ. ಮಂಡಿ ನೋವಿನವನು. "ಟೆನ್ಷನ್ ಮಾಡ್ಕೋಬೇಡ ಮಾರಾಯ, ಸಿಗುತ್ತೆ" ಎಂದು ನನಗೇ ಸಮಾಧಾನ ಹೇಳಿದ. ಎರಡೂ ಮುಕ್ಕಾಲು ದಾಟಿದ ಮೇಲೆ "ಸಿಕ್ಕಿತು" ಎಂದೆ.

ಬಂದರು ಮುಟ್ಟಿದಾಗ ಹಡಗು ಹಲಗೆ ಎತ್ತಿಕೊಂಡು ದಡ ಬಿಡುತ್ತಿತ್ತು. ಗೆಳೆಯ ಕೈ ಬೀಸುತ್ತಾ ಕುಂಟಿಕೊಂಡು ಓಡಿದ. ಮುಂದಿನ ಹಡಗು ಮರುದಿನ ಬೆಳಿಗ್ಗೆ. ಯೋರ್ಗೊಸ್ ಮೊಬೈಲ್ ಇಟ್ಟುಕೊಂಡವನಲ್ಲ, ಅವನ ಮನೆಯ ಫೋನ್ ಆಗಲೇ ಕಡಿತವಾಗಿತ್ತು.

ಹಾಳಾದ ನನ್ನ ಬಾಯಿ. "ಇಷ್ಟು ಟೈಟಾಗಿ ಯಾರಾದ್ರೂ ಪ್ಲಾನ್ ಮಾಡ್ತಾರೇನೋ?" ಎಂದುಬಿಟ್ಟೆ.

ಅವನು ಏದುಸಿರು ಬಿಡುತ್ತಾ, "ನಂದೇ ತಪ್ಪು, ಇನ್ನೂ ಮುಂಚೆ ಹೊರಡ್ಬೇಕಿತ್ತು. ಸಾರಿ ಕಣೋ" ಎಂದ.

ದಡದ ಬೆಂಚಿನಲ್ಲಿ ಕೂತು ಮತ್ತೆ ಫೋನ್ ನೋಡಿದೆ. ಪಂಚಾಂಗದಲ್ಲಿ ಊರಿನ ಹೆಸರು ಇನ್ನೂ ಮೆಲ್ಬರ್ನ್ ಎಂದೇ ಇತ್ತು. ಗ್ರೀಸಿಗೆ ಬದಲಿಸಿದೆ. ಅಲ್ಲಿನ ಉದ್ದನೆಯ ಹಗಲಿಗೆ ರಾಹುಕಾಲ ಶುರುವಾಗುವುದೇ ಮೂರೂಕಾಲಿಗೆ. ಎರಡು ಗಂಟೆಗೆ ಯಾವ ದೋಷವೂ ಇರಲಿಲ್ಲ.

ಶುಕ್ರವಾರ ಪೈರಿಯಸ್ ಸೇರಿದೆವು. ಕಾಫಿ ಅಂಗಡಿಯವನು, ನಾವು ಮೆಲ್ಬರ್ನ್‌ನಿಂದ ಬಂದವರೆಂದು ತಿಳಿದದ್ದೇ "ನನ್ನಣ್ಣ ಅಲ್ಲೇ ಇದ್ದಾನೆ!" ಎಂದು ಕುರ್ಚಿ ಎಳೆದು ಕೂರಿಸಿದ. ಗೆಳೆಯ ಯೋರ್ಗೊಸ್‌ನನ್ನು ಕೇಳಿದ. "ಕತ್ತಲಾಗುವವರೆಗೆ ಇದ್ದ. ಎರಡು ಕಾಫಿ ತರಿಸಿ ಎರಡನ್ನೂ ತಾನೇ ಕುಡಿದ" ಎಂದ ಅಂಗಡಿಯವನು. ಗೆಳೆಯ ಮೆಲ್ಲಗೆ ನಕ್ಕ. "ಒಂದು ತೊಟ್ಟು ಕಾಫೀನೂ ಬಿಡೋನಲ್ಲ ಅವನು" ಎಂದು ಹೇಳಿ ಸಮುದ್ರದ ಕಡೆ ಮುಖ ತಿರುಗಿಸಿದ. ವಿಮಲಾ ಅವನ ತಟ್ಟೆಗೆ ಪೈ ತುಂಡು ಹಾಕಿದಳು. ನಾನು ಬಾಯಿ ತೆರೆಯಬಹುದಿತ್ತು. ನೀರು ಕುಡಿದೆ.

ಆ ವರ್ಷ ಜರ್ಮನಿಯ ಚಳಿಗಾಲದಲ್ಲಿ ಯೋರ್ಗೊಸ್ ತೀರಿಕೊಂಡ. ಆ ಮೇಲೂ ಎಷ್ಟೋ ಸಲ ಗೆಳೆಯನ ಮನೆಯಲ್ಲಿ ಉಂಡಿದ್ದೇನೆ. ಹೇಳಬೇಕೆಂದು ಹೋಗಿ, ಹೊಟ್ಟೆ ತುಂಬಿಸಿಕೊಂಡು ಬಂದಿದ್ದೇನೆ.

ಗ್ರೀಸಿನಿಂದ ವಾಪಸು ಬಂದ ದಿನ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಅವನು ಸಿಡ್ನಿ ಫ್ಲೈಟಿಗೆ ಹೋಗುತ್ತಾ ತಿರುಗಿ, "ನೆಕ್ಸ್ಟ್ ಟೈಮ್ ನೀನೇ ಪ್ಲಾನ್ ಮಾಡು, ನಂಗೆ ಟೈಮ್ ಸೆನ್ಸೇ ಇಲ್ಲ" ಎಂದ. ಹಾಗೆ ತಪ್ಪನ್ನು ತನ್ನ ತಲೆಗೇ ಹಾಕಿಕೊಂಡು ಕುಂಟುತ್ತಾ ಗೇಟಿನೊಳಗೆ ಹೋದ, ನಾನು ಇವತ್ತಿಗೂ ಕ್ಷಮೆ ಕೇಳದ ಆ ಗೆಳೆಯನ ಹೆಸರು ಪಾಂಡುರಂಗ ತಾಂಡೇಲ.