ಅಚ್ಚಾಗದ ಮೂರನೆಯ ಪುಸ್ತಕ

ಪಾಪಣ್ಣನ ಪುಸ್ತಕ ಬೇಡವೆಂದದ್ದು ಸಮಿತಿಯಲ್ಲ, ನಾನು. ಸಮಿತಿಯವರು ಅದನ್ನು ನೋಡಲೇ ಇಲ್ಲ — ನಾನು ಕೊಟ್ಟಿದ್ದರೆ ತಾನೆ ನೋಡುವುದು. ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಹೇಳಿದ್ದೇನೆ. ಏನೂ ಆಗುತ್ತಿಲ್ಲ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಅದು. ನಾನು, ಪಾಪಣ್ಣ ಇಬ್ಬರೂ ಬೆಂಗಳೂರಿನ ಪೂರ್ವಕ್ಕಿದ್ದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ಕೆ.ಆರ್. ಪುರದ ಆಚೆಯ ಒಂದೇ ಊರಿನವರು. ನಮ್ಮದು ಊರೊಳಗಿನ ಜಮೀನುದಾರರ ಮನೆ, ಅವನದು ಊರ ಹೊರಗಿನ ಕೇರಿ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಟೀ ಬೈ ಟೂ ಮಾಡಿ ಕುಡಿಯುತ್ತಿದ್ದೆವು. ಊರಿಗೆ ಬಂದರೆ ಅವನು ನಮ್ಮ ಜಗಲಿ ಹತ್ತುತ್ತಿರಲಿಲ್ಲ, ಹತ್ತು ಎಂದು ನಾನೂ ಹೇಳುತ್ತಿರಲಿಲ್ಲ. ಅದು ನಮಗೆ ರೂಢಿಯಾಗಿತ್ತು. ನಮಗೆ ಎಂದೆನೆ — ನನಗೆ.

ಕಾರ್ಖಾನೆಯ ಕನ್ನಡ ಸಂಘ ಆ ಸಲ ರಾಜ್ಯೋತ್ಸವಕ್ಕೆ ನೌಕರರಿಂದಲೇ ಮೂರು ಸಣ್ಣ ಪುಸ್ತಕ ಬರೆಸಲು ತೀರ್ಮಾನಿಸಿತು. ಮಣ್ಣಿನ ವಿಜ್ಞಾನ ನನ್ನ ಪಾಲಿಗೆ, ಬಾಹ್ಯಾಕಾಶ ಯಾನ ಡ್ರಾಯಿಂಗ್ ವಿಭಾಗದ ಒಬ್ಬರ ಪಾಲಿಗೆ, ನಮ್ಮ ಕಡೆಯ ಹಳ್ಳಿಗಳ ಸಾಮಾಜಿಕ ಚರಿತ್ರೆ ಪಾಪಣ್ಣನ ಪಾಲಿಗೆ ಬಂತು. ಹಸ್ತಪ್ರತಿಗಳನ್ನು ಸಂಘದ ಸಮಿತಿಗೆ ತಲುಪಿಸುವ ಕೆಲಸವನ್ನೂ ನನಗೇ ಒಪ್ಪಿಸಿದರು. ಕಳ್ಳನ ಕೈಗೆ ಬೀಗದ ಕೈ.

ಮಣ್ಣಿನ ಪದರಗಳನ್ನು ವಿವರಿಸಲು ನಾನು ನಮ್ಮೂರ ಬಾವಿಯನ್ನೇ ಉದಾಹರಣೆಯಾಗಿಟ್ಟುಕೊಂಡಿದ್ದೆ. ಕಲ್ಲು ಕಟ್ಟದ ಬಾವಿಯಾದ್ದರಿಂದ ಬಗ್ಗಿ ನೋಡಿದರೆ ಎಲ್ಲ ಕಾಣುತ್ತಿತ್ತು: ಮೇಲೆ ಕೆಮ್ಮಣ್ಣು, ಅದರ ಕೆಳಗೆ ಜಲ್ಲಿ ಬೆರೆತ ಗಟ್ಟಿ ನೆಲ, ತಳದಲ್ಲಿ ಪುಡಿಯಾಗುತ್ತಿರುವ ಬಂಡೆ. ಪಾಪಣ್ಣನೂ ಅದೇ ಬಾವಿಯ ಬಗ್ಗೆ ಬರೆದಿದ್ದ. ಅವನ ಬಾವಿಯಲ್ಲಿ ಜನರಿದ್ದರು. ಅದನ್ನು ತೋಡಿದವರು ಕೇರಿಯವರು, ಅವನ ಅಪ್ಪನೂ ಅವರಲ್ಲೊಬ್ಬ. ಕೇರಿಯ ಮುದುಕಿಯರ ಮುಂದೆ ಕುಳಿತು, ಕೆಳಗಿಳಿದವರ, ಮಣ್ಣು ಹೊತ್ತವರ ಹೆಸರನ್ನೆಲ್ಲ ಕೇಳಿ ಬರೆದುಕೊಂಡಿದ್ದ. ನೀರು ಬಂದ ದಿನ ನನ್ನ ತಾತ ಗಂಗೆಪೂಜೆ ಮಾಡಿಸಿ, ತೋಡಿದವರಿಗೆಲ್ಲ ಹೋಳಿಗೆ ಊಟ ಹಾಕಿಸಿ, ನಾಳೆಯಿಂದ ಈ ಕಡೆ ಕೊಡ ತರಬೇಡಿ ಎಂದರಂತೆ. ತಾತನ ಹೆಸರೂ ಇತ್ತು. ಬೈಗುಳ ಮಾತ್ರ ಒಂದೂ ಇರಲಿಲ್ಲ.

ಓದಿ ಮುಗಿಸಿದಾಗ ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಅಪ್ಪ ಇದನ್ನು ಓದಿದರೆ — ಎಂದಷ್ಟೇ ಹೊಳೆಯಿತು. ಇನ್ನೊಂದೂ ಹೊಳೆಯಿತು, ಅದನ್ನು ಬಚ್ಚಿಡುವುದಿಲ್ಲ: ಅವನ ಬರವಣಿಗೆಯ ಮುಂದೆ ನನ್ನದು ಸಪ್ಪೆ. ಹಸ್ತಪ್ರತಿಯನ್ನು ಅಟ್ಟದ ಮೇಲಿಟ್ಟೆ. ಪಾಪಣ್ಣನದು ಇನ್ನೂ ತಯಾರಾಗಿಲ್ಲ ಎಂದು ಸಮಿತಿಗೆ ಹೇಳಿದೆ.

ಪ್ರೂಫ್ ತರಲು ಶಿವಾಜಿನಗರದ ಪ್ರೆಸ್ಸಿಗೆ ಹೋದ ದಿನ ಅವನೂ ಜೊತೆಗೆ ಬಂದ. ತನ್ನದೂ ಅಲ್ಲಿರುತ್ತದೆ ಎಂದುಕೊಂಡಿದ್ದ. ಇರಲಿಲ್ಲ. ಟೀ ಅಂಗಡಿಯಲ್ಲಿ ಹೇಳಿಬಿಟ್ಟೆ.

“ಕಮಿಟಿಯವ್ರು ಬೇಡ ಅಂದ್ಬಿಟ್ರು ಕಣೋ. ಚಂದ್ರನ ಮೇಲೆ ಕಾಲಿಟ್ಟಿರೋ ಕಾಲದಲ್ಲಿ ಬಾವಿ ಕಥೆ ಯಾರಿಗ್ ಬೇಕು ಅಂದ್ರು.”

ಹಾಗೆಂದು ಯಾರೂ ಅಂದಿರಲಿಲ್ಲ. ಪ್ರೆಸ್ಸಿನಿಂದ ಟೀ ಅಂಗಡಿಗೆ ಬರುವಷ್ಟರಲ್ಲಿ ನಾನೇ ಹೊಂದಿಸಿಕೊಂಡ ಮಾತು. ಮಾತು ಚೆನ್ನಾಗಿ ಬಂತು ಎಂದು ಒಳಗೊಳಗೇ — ಹೌದು, ಅದೂ ಇತ್ತು.

“ಹಂಗಂದ್ರಾ?” ಎಂದ ಪಾಪಣ್ಣ. ಲೋಟ ಕೆಳಗಿಟ್ಟ. “ಆ ಹೆಸರುಗಳಾದ್ರೂ ಅಚ್ಚಾಗಿದ್ದಿದ್ರೆ ಸಾಕಿತ್ತು ಗುರು. ಹೇಳಿದ್ ಮುದುಕೀರು ಇನ್ನೆಷ್ಟ್ ದಿನ ಇರ್ತಾರೆ.”

ವಾಪಸ್ ಬೇಕಾ ಎಂದು ಕೇಳಿದೆ. ಅವನ ಹತ್ತಿರ ಬೇರೆ ಪ್ರತಿ ಇರಲಿಲ್ಲ.

“ನಿನ್ ಹತ್ರಾನೇ ಇರ್ಲಿ. ನಮ್ ಮನೆ ಸೋರುತ್ತೆ.”

ಸಮಿತಿಯವರನ್ನೇ ಅವನು ಕೇಳಬಹುದಿತ್ತು. ನನ್ನನ್ನು ನಂಬಿದ್ದರಿಂದ ಕೇಳಲಿಲ್ಲ. ಕ್ಯಾಂಟೀನಿನ ಹಾಲ್‌ನಲ್ಲಿ ಪುಸ್ತಕಗಳ ಬಿಡುಗಡೆಯಾದಾಗ ಎಲ್ಲರೂ ಚಂದ್ರನ ಪುಸ್ತಕಕ್ಕೆ ಮುಗಿಬಿದ್ದರು. ಪಾಪಣ್ಣ ನನ್ನದನ್ನು ಕೊಂಡ. ಬಾವಿಯ ಪುಟ ತೆಗೆದು ನಿಂತೇ ಓದಿದ. “ಚೆನ್ನಾಗ್ ಬರ್ದಿದೀಯ,” ಎಂದ, ಮಡಿಸಿ ಜೇಬಿಗಿಟ್ಟುಕೊಂಡ. ಒಂದೊಂದು ಪದರವನ್ನೂ ಬಿಡದೆ ಬರೆದಿದ್ದ ನಾನು ತೋಡಿದವರ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಅದನ್ನು ಅವನು ಗಮನಿಸದೆ ಇರುತ್ತಾನೆಯೇ. ನಾನು ಮಾತ್ರ ಆವತ್ತು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದೆ.

ಕೆಲವು ವರ್ಷಗಳ ಮೇಲೆ ಅಟ್ಟದಿಂದ ಇಳಿಸಿದಾಗ ಹಸ್ತಪ್ರತಿಗೆ ಗೆದ್ದಲು ಹಿಡಿದಿತ್ತು. ಮುಟ್ಟಿದರೆ ಕೆಮ್ಮಣ್ಣಾಗಿ ಉದುರಿತು. ಗೆದ್ದಲು ಮಣ್ಣಿಗೆ ಮಾಡುವ ಉಪಕಾರದ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಪೊರಕೆ ತಂದು ಗುಡಿಸಿ ಹಿತ್ತಲಿಗೆ ಹಾಕಿದೆ. ಪಾಪಣ್ಣನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ, ಮತ್ತೆ ಏನನ್ನೂ ಬರೆಯಲೂ ಇಲ್ಲ.

ಹೋದ ವರ್ಷ ಅವನು ತೀರಿಕೊಂಡ. ಹೆಸರು ಹೇಳಿದ ಮುದುಕಿಯರು ಅವನಿಗಿಂತ ಮೊದಲೇ ಹೋಗಿದ್ದರು. ಮೊನ್ನೆ ಅವನ ಮಗಳು ನಮ್ಮ ಮನೆಗೆ ಬಂದಿದ್ದಳು, ಹಲಸೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಾಳೆ. ಜಗಲಿಯ ಕೆಳಗೇ ನಿಂತಳು.

“ಅಪ್ಪ ಒಂದ್ ಪುಸ್ತಕ ಬರ್ದಿದ್ರಂತೆ ಸಾರ್. ನಿಮ್ಮನೇಲಿ ಜೋಪಾನವಾಗಿದೆ ಅಂತಿದ್ರು.”

“ಹುಡುಕಿಡ್ತೀನಮ್ಮ,” ಎಂದೆ. ಹುಡುಕಲು ಏನಿದೆ? ಅಷ್ಟು ಸಲೀಸಾಗಿ ಬಂತು ಆ ಮಾತು. ಸಂಕಟವಾಗಲಿ ಎಂದು ಕಾದೆ, ಆಗಲಿಲ್ಲ. ಇದ್ದ ಸಂಕಟವೂ ಎಲ್ಲೋ ಆ ಕಸದ ಜೊತೆಗೇ ಹೋಗಿರಬೇಕು.

ಭಾನುವಾರ ಅವಳು ಮತ್ತೆ ಬರುತ್ತಾಳೆ. ಒಳಗೆ ಕರೆದು ಕೂರಿಸಿ, ಈಗ ಬರೆದಿರುವ ಇದನ್ನೇ ಓದಿ ಹೇಳುತ್ತೇನೆ. ಆಮೇಲೆ ಅವಳು ಏನೆಂದರೂ ಸರಿ, ಏನೂ ಅನ್ನದೆ ಎದ್ದು ಹೋದರೂ ಸರಿ. ಅವಳಿಗೆ ಕೊಡಲು ನನ್ನ ಹತ್ತಿರ ಇರುವುದು ಒಮ್ಮೆ ಓದಿದ ನೆನಪು ಮಾತ್ರ. ಬಾವಿಗೆ ಇಳಿದವರು: ದೊಡ್ಡಮುನಿಯ, ಗುರುವ, ಪಾಪಣ್ಣನ ಅಪ್ಪ ಹನುಮ. ಮಣ್ಣು ಹೊತ್ತವರು: ಯಲ್ಲಿ, ಮುನಿತಾಯಿ. ಇನ್ನೂ ಇದ್ದರು. ಒಂದು ಪುಟದ ತುಂಬ ಇದ್ದರು.